ತಂತಿಯ ಬೆರಳು

ಕೃಷ್ಣರಾಜಪುರ
3 ಆಗಸ್ಟ್ 2025, ಭಾನುವಾರ

ನಂದಿತಾ,

ಬೆಳಗಿನ ಜಾವ ಮೂರು ಹತ್ತು. ಎಬ್ಬಿಸಿದ್ದು ಪಾಪು ಅಲ್ಲ, ಗ್ರಿಲ್ ಗೇಟಿನ ಬೀಗ. ಅತ್ತೆ ಎದ್ದು ಬಂದು ಬೀಗವನ್ನು ಒಂದು ಸಲ ಜಗ್ಗಿ ನೋಡುತ್ತಾರೆ, ಟಕ್ ಅನ್ನುತ್ತದೆ, ಹೋಗಿ ಮಲಗುತ್ತಾರೆ. ಎರಡು ವಾರದಿಂದ ದಿನಾ ಇದೇ. ಕಳ್ಳರ ಭಯಕ್ಕಲ್ಲ. ಒಳಗಿನವರು ಹೊರಗೆ ಹೋಗದ ಹಾಗೆ.

ಈ ಕಾಲದಲ್ಲಿ ಕಾಗದ ಬರೆಯುತ್ತಿದ್ದಾಳೆ ಅಂತ ನಗಬೇಡ. ನನ್ನ ಫೋನನ್ನು ನನ್ನ ಗಂಡ ಕೆಂಪರಾಜ್ ಇಟ್ಟುಕೊಂಡಿದ್ದಾರೆ. ಬಾಣಂತಿ ಫೋನು ನೋಡಿದರೆ ಕಣ್ಣು ಹೋಗುತ್ತಂತೆ. ಐದು ತಿಂಗಳು ತುಂಬುವವರೆಗೆ ಫೋನಿಲ್ಲ, ಟಿವಿ ಇಲ್ಲ, ಹೊಸಿಲು ದಾಟುವ ಹಾಗಿಲ್ಲ. ಅಮ್ಮ ಇದ್ದಿದ್ದರೆ ಈ ಬಾಣಂತನ ಅವಳ ಮನೆಯಲ್ಲಿ ಆಗುತ್ತಿತ್ತು, ಅವಳ ಹತ್ತಿರ ಜಗಳವಾದರೂ ಆಡಬಹುದಿತ್ತು. ಅತ್ತೆಯ ಹತ್ತಿರ ಆಡಲಾರೆ. ದಿನಕ್ಕೆ ಮೂರು ಸಲ ಮೆಣಸಿನ ಸಾರು ಬಿಸಿ ಮಾಡಿ ತಂದು ಕೊಡುವವರ ಹತ್ತಿರ ಹೇಗೆ ಜಗಳ ಆಡುವುದು ಹೇಳು. ಪಾಪುಗೆ ನೀರು ಹಾಕಲು ಬರುವ ಅಯ್ಯಮ್ಮ ನಿಮ್ಮ ಹಲಸೂರಿನವಳೇ, ನಿನ್ನ ಅಕ್ಕನ ಮಗುವಿಗೂ ನೀರು ಹಾಕಿದವಳಂತೆ. ಅವಳ ಕೈಗೆ ಕೊಡುತ್ತೇನೆ. ಓದು ಬಾರದು ಅವಳಿಗೆ. ಬಾರದಿದ್ದದ್ದೇ ಒಳ್ಳೆಯದಾಯಿತು.

ವಿಷಯ ದಿವ್ಯಳದು. ನನ್ನ ನಾದಿನಿ, ನೀನು ನನ್ನ ಸೀಮಂತದಲ್ಲಿ ನೋಡಿದ್ದೀಯ, ಜ್ಯೂಸಿನ ಟ್ರೇ ಹಿಡಿದು ಎಲ್ಲರನ್ನೂ ನಗಿಸುತ್ತಿದ್ದಳಲ್ಲ, ಅವಳೇ. ಹದಿನಾರು ತುಂಬಿ ಎರಡು ತಿಂಗಳು. ಅವಳ ಕ್ಲಾಸಿನ ಹುಡುಗಿಯೊಬ್ಬಳು ಜುಲೈನಲ್ಲಿ ಯಾರ ಜೊತೆಗೋ ಹೋಗಿಬಿಟ್ಟಳು. ಮಾರನೇ ದಿನದಿಂದ ಇವಳಿಗೆ ಕಾಲೇಜಿಲ್ಲ, ಫೋನಿಲ್ಲ, ಗೇಟಿಗೆ ಬೀಗ. ಮೊನ್ನೆ ಗೋಡೆಯಾಚೆ ಅತ್ತೆ ಮಾವನವರ ಹತ್ತಿರ ಹೇಳುತ್ತಿದ್ದರು.

"ಕಾರ್ತಿಕ ಮಾಸ ಬರ್ಲಿ, ಮುನಿರಾಜಂಗೆ ಕೊಟ್ಬಿಡಣ."

"ಇನ್ನೂ ಎಳೇದು ಕಣೇ ಗಂಗಾ."

"ನಾನೇನು ಮುದುಕಿಯಾಗಿ ಬಂದಿದ್ನಾ ನಿಮ್ ಮನೆಗೆ?"

ಮುನಿರಾಜ್ ಅಂದರೆ ಅತ್ತೆಯ ತಮ್ಮ, ದಿವ್ಯಳಿಗೆ ಸೋದರಮಾವ. ಮೂವತ್ಮೂರು ವಯಸ್ಸು, ಹೂಡಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಕೆಟ್ಟವನಲ್ಲ, ಅದೇ ಕಷ್ಟ. ಬರುವಾಗೆಲ್ಲ ಅವಳಿಗೆ ಗೋಬಿ ಮಂಚೂರಿ ತರುತ್ತಾನೆ. ನಡುಮನೆಯಲ್ಲಿ ಒಂದು ಫೋಟೋ ಇದೆ. ದಿವ್ಯಳ ಕಿವಿ ಚುಚ್ಚುವಾಗ ಅವಳು ಅವನ ತೊಡೆಯ ಮೇಲೆ ಬಾಯಿ ಬಿಟ್ಟು ಅಳುತ್ತಿದ್ದಾಳೆ, ಅವನು, ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ, ಕ್ಯಾಮೆರಾ ನೋಡಿ ನಗುತ್ತಿದ್ದಾನೆ. ಈಗ ಊಟಕ್ಕೆ ಕೂತಾಗ ಆ ಫೋಟೋ ಕಡೆ ಬೆನ್ನು ಹಾಕಿ ಕೂರುತ್ತೇನೆ.

ಕೆಂಪರಾಜ್ ಅವರನ್ನು ಕೇಳಿದೆ. ಅವರು ಉತ್ತರ ಕೊಡುವ ಬದಲು ನನ್ನ ಹಣೆ ಮುಟ್ಟಿ ನೋಡಿದರು. "ರಾತ್ರಿಯೆಲ್ಲ ಎದ್ದಿರ್ತೀಯ ಯಮುನಾ. ಅಮ್ಮ ಹೇಳ್ತಿದ್ರು, ಹಿಂಗೇ ಶುರುವಾಗೋದಂತೆ ಸನ್ನಿ." ನಾನು ಏನು ಹೇಳಿದರೂ ಇನ್ನು ಮೇಲೆ ಬಾಣಂತಿ ಸನ್ನಿಯೇ.

ಆಫೀಸಿನಲ್ಲಿ ಬಾಲ್ಯವಿವಾಹದ ಸಮೀಕ್ಷೆಗೆ ಮಾಡಿದ ನಮ್ಮ ಪ್ರಶ್ನಾವಳಿ ನೆನಪಿದೆಯಾ? ಹನ್ನೊಂದನೇ ಪ್ರಶ್ನೆ: "ವಿಷಯ ಗೊತ್ತಿದ್ದ ಮನೆಯವರು ಯಾಕೆ ತಿಳಿಸಲಿಲ್ಲ?" ನಾನೇ ಬರೆದದ್ದು. ಉತ್ತರಕ್ಕೆ ಒಂದೂವರೆ ಗೆರೆ ಜಾಗ ಬಿಟ್ಟಿದ್ದೆ.

ಸದ್ಯ ಏನೂ ಮಾಡಬೇಡ. ನನ್ನ ಹೆಸರು ಎಲ್ಲೂ ಬರುವುದು ಬೇಡ. ಈ ಮನೆ ಬಿಟ್ಟರೆ ಪಾಪುವನ್ನು ಎತ್ತಿಕೊಂಡು ಹೋಗಲು ನನಗೆ ಇನ್ನೊಂದು ಮನೆಯಿಲ್ಲ. ಯಾರಿಗಾದರೂ ಹೇಳಬೇಕಿತ್ತು, ಅಷ್ಟೇ.

ನಿನ್ನ,
ಯ.

—

ಹಲಸೂರು
9 ಆಗಸ್ಟ್ 2025

ಯಮುನಾ,

ನಗಲಿಲ್ಲ ಕಣೇ. ಅಯ್ಯಮ್ಮ ಎಲೆ ಅಡಿಕೆ ಚೀಲದಿಂದ ತೆಗೆದು ಕೊಟ್ಟಳು, ಹಾಳೆಯ ಮೇಲೆ ಅವಳ ಸುಣ್ಣದ ಬೆರಳಿನ ಗುರುತಿತ್ತು. ಎರಡು ಸಲ ಓದಿದೆ.

ಒಂದು ಮಾತು ಹೇಳಿಬಿಡುತ್ತೇನೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದವರ ಹೆಸರು ಕೇಳುವುದಿಲ್ಲ, ನಿನಗೂ ಗೊತ್ತು. ಆದರೆ ಗೇಟಿಗೆ ಬೀಗ ಹಾಕಿದ ಮನೆಯಿಂದ ಸುದ್ದಿ ಹೊರಗೆ ಬಂದರೆ ಯಾರು ಹೇಳಿದ್ದು ಅಂತ ಪತ್ತೆ ಮಾಡಲು ಪೊಲೀಸರು ಬೇಕಿಲ್ಲ, ಅದೂ ನಿನಗೆ ಗೊತ್ತು. ನೀನು ಹೇಳುವವರೆಗೆ ನಾನು ಸುಮ್ಮನಿರುತ್ತೇನೆ. ಸುಮ್ಮನಿರುವುದು ಸರಿಯಾ ಅಂತ ಮಾತ್ರ ಕೇಳಬೇಡ.

ಬೆನ್ಸನ್ ಟೌನ್ ಆಫೀಸಿನಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಜಿನೀವಾದ ವಿಶ್ವಸಂಸ್ಥೆ ಸಭೆಗೆ ಹೋಗುವ ವರದಿ ಅಕ್ಟೋಬರ್ ಕೊನೆಗೆ ಮುಗಿಯಬೇಕು. ನಿನ್ನ ಕುರ್ಚಿಯ ಮೇಲೆ ಈಗ ಪ್ರಿಂಟರ್ ಇಟ್ಟಿದ್ದಾರೆ. ಎಲ್ಲ ದೇಶದವರೂ ತಮ್ಮ ತಮ್ಮ ಊರಿನ ಹೆಣ್ಣುಮಕ್ಕಳ ಸಂಕಟಗಳನ್ನು ಫೈಲಿನಲ್ಲಿ ಕಟ್ಟಿಕೊಂಡು ಬರುತ್ತಾರೆ. ಕೀನ್ಯಾದಿಂದ ಬಂದಿದ್ದ ಆ ದೊಡ್ಡಮ್ಮನೂ ಬರುತ್ತಾರಂತೆ. ಅವರ ಮಾತು ನೆನಪಿದೆಯಾ? ಫೀಲ್ಡಿನ ಹೆಂಗಸರಿಗೆ ಕನ್ನಡದಲ್ಲಿ ಹೇಳಿದ್ದು ನೀನೇ: "ಹಬ್ಬ ತೆಗೀಬೇಡಿ, ಕತ್ತಿ ತೆಗೀರಿ." ಹುಡುಗಿಯರ ಗುಪ್ತಾಂಗ ಕೊಯ್ಯುವ ಪದ್ಧತಿಯನ್ನು ಅವರ ಊರಿನಲ್ಲಿ ಹಾಗೆಯೇ ನಿಲ್ಲಿಸಿದ್ದಂತೆ, ಹಾಡು ಕುಣಿತ ಊಟ ಎಲ್ಲ ಉಳಿಸಿಕೊಂಡು. ಅತ್ತೆಯ ಹತ್ತಿರ ಕಾನೂನು ಮಾತಾಡಬೇಡ. ಬೇರೆ ದಾರಿ ಇರಬಹುದು.

ಅಪ್ಪ ಬುದ್ಧವಿಹಾರದಲ್ಲಿ ನಿನ್ನ ಪಾಪು ಹೆಸರಿನಲ್ಲಿ ಒಂದು ದೀಪ ಹಚ್ಚಿದರು. ಆದಷ್ಟು ನಿದ್ದೆ ಮಾಡು. ನಿದ್ದೆಗೆಟ್ಟರೆ ಸಣ್ಣದೂ ದೊಡ್ಡದಾಗಿ ಕಾಣುತ್ತೆ.

ನಂದಿತಾ

—

ಕೃಷ್ಣರಾಜಪುರ
30 ಆಗಸ್ಟ್ 2025

ನಂದಿತಾ,

ನಿನ್ನ ಕೊನೆಯ ಸಾಲಿಗೆ ಎರಡು ದಿನ ಸಿಟ್ಟು ಬಂದಿತ್ತು. ಈಗಿಲ್ಲ.

ನಿನ್ನೆ ಬಚ್ಚಲಲ್ಲಿ ನಡೆದದ್ದು ಹೇಳಬೇಕು. ಅಯ್ಯಮ್ಮ ಕಾಲು ಚಾಚಿ ಕೂತು ಪಾಪುವನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹುಯ್ಯುತ್ತಿದ್ದಳು. ಅತ್ತೆ ಸಾಂಬ್ರಾಣಿಗೆ ಕೆಂಡ ತಂದವರು ನನ್ನ ಬಲಗೈ ಹಿಡಿದುಕೊಂಡು ಉಂಗುರದ ಬೆರಳನ್ನೂ ಕಿರುಬೆರಳನ್ನೂ ತಿರುಗಿಸಿ ನೋಡಿದರು.

"ಐದನೇ ತಿಂಗಳಿಗೆ ಇವಳ ಕಿವಿ ಚುಚ್ಸಣ. ಅದಕ್ಕೆ ಮುಂಚೆ ನೀನು ಬೆರಳು ಕೊಡ್ಬೇಕಮ್ಮ."

ನನ್ನ ಮುಖ ನೋಡಿ ಅಯ್ಯಮ್ಮ ನಕ್ಕಳು. "ಹೆದ್ರುಸ್ಬೇಡ್ರಮ್ಮ, ಹಾಲು ಬತ್ತೋದಾತು."

ಇವರ ಮನೆತನದಲ್ಲಿ ಹಿಂದೆ ಹಾಗಿತ್ತಂತೆ. ಹೆಣ್ಣುಮಗುವಿನ ಕಿವಿ ಚುಚ್ಚುವ ಮೊದಲು ತಾಯಿ ತನ್ನ ಎರಡು ಬೆರಳ ತುದಿ ದೇವರಿಗೆ ಕೊಡಬೇಕು. "ನಮ್ಮಜ್ಜಿಯ ಅಜ್ಜಿಗೆ ಎರಡೂ ಮೋಟು. ಆಚಾರಿ ಉಳಿ ಇಟ್ಟು ಒಂದೇ ಏಟು ಹೊಡೆಯೋನಂತೆ. ಬಿಸಿ ಎಣ್ಣೆಗೆ ಅದ್ದೋದು. ಅದೇ ಕೈಯಲ್ಲಿ ಮಾರನೇ ವಾರ ರಾಗಿ ಬೀಸೋಳು" ಅಂದರು ಅತ್ತೆ. ದನಿಯಲ್ಲಿ ಮರುಕವಿರಲಿಲ್ಲ, ಒಂದು ತರಹದ ಹೆಮ್ಮೆ.

"ಆಮೇಲೆ ಹೇಗೆ ನಿಂತಿತು ಅತ್ತೆ?"

"ಸರ್ಕಾರದ್ ಹುಕುಂ ಬಂತು. ಹುಕುಂ ಬಂದ್ರೆ ದೇವರು ಕೇಳ್ತಾನಾ? ಅವನಿಗೆ ಕೊಡೋದು ಕೊಡ್ಲೇಬೇಕಲ್ಲ. ಆಚಾರಿನೇ ಉಪಾಯ ಮಾಡ್ದ. ಬೆರಳಿಗೆ ಚಿನ್ನದ ತಂತಿ ಸುತ್ತಿ ಅದನ್ನ ಇಕ್ಕಳದಲ್ಲಿ ಕಿತ್ಕೊಂಡ. ದೇವರು ಒಪ್ಕೊಂಡ. ನಾನೂ ಕೊಟ್ಟಿದ್ದು ತಂತಿನೇ, ದಿವ್ಯಾ ಕಿವಿ ಚುಚ್ಚಿದಾಗ."

ನಂದಿತಾ, ಇಡೀ ರಾತ್ರಿ ಅದೇ ಯೋಚನೆ. ಅಷ್ಟು ಘೋರವಾದದ್ದು ಯಾವ ಜಗಳವೂ ಇಲ್ಲದೆ ಒಂದು ತಂತಿಯಿಂದ ಹೋಯಿತು. ಕೀನ್ಯಾದ ದೊಡ್ಡಮ್ಮ ಅಷ್ಟು ದೂರದಿಂದ ಬಂದು ಹೇಳಿದ ಮಾತು ನಮ್ಮ ಬಚ್ಚಲಲ್ಲೇ ಇತ್ತು. ಮದುವೆಗೂ ಒಂದು ತಂತಿ ಇರಬಹುದಲ್ಲವಾ?

ಇಲ್ಲಿಗೇ ನಿಲ್ಲಿಸುತ್ತೇನೆ, ಪಾಪು ಎದ್ದಳು.

ಯ.

—

ಕೃಷ್ಣರಾಜಪುರ
18 ಸೆಪ್ಟೆಂಬರ್ 2025

ನಂದಿತಾ,

ದಿವ್ಯ ಕಾಲೇಜಿಗೆ ಹೋದಳು! ಈ ಬೆಳಿಗ್ಗೆ. ಎರಡು ಜಡೆ, ರಿಬ್ಬನ್ನು, ಎರಡು ತಿಂಗಳಿಂದ ಮೊಳೆಗೆ ನೇತುಬಿದ್ದಿದ್ದ ಯೂನಿಫಾರ್ಮು. ಮೆಟ್ರೋವರೆಗೆ ಮಾವನವರೇ ಬಿಟ್ಟು ಬಂದರು.

ನಾನು ಅತ್ತೆಗೆ ಹೇಳಿದ್ದು ಇಷ್ಟೇ: "ಬೆರಳಿಗೆ ತಂತಿ ಬಂದ ಹಾಗೆ ಮದುವೆಗೂ ಒಂದು ಬದಲಿ ಮಾಡೋಣ ಅತ್ತೆ. ದೇವರ ಮುಂದೆ ಕೈಗೆ ಒಂದು ಅರಿಶಿನದ ದಾರ. ಮಾತು ಉಳಿಯುತ್ತೆ, ನಿಮ್ಮ ಮನಸ್ಸಿಗೂ ಸಮಾಧಾನ. ಮದುವೆ ಅಂತ ಮಾಡೋದು ಅವಳಿಗೆ ಹದಿನೆಂಟು ತುಂಬಿ, ಅವಳು ಹೂಂ ಅಂದ ಮೇಲೆ." ಅತ್ತೆ ನಾಲ್ಕು ದಿನ ಎಂದಿನ ಹಾಗೆ ಸಾರು ತಂದಿಟ್ಟು ಹೋದರು. ಐದನೇ ದಿನ ಬಂದು ನನ್ನ ತಲೆ ಸವರಿದರು. "ಓದಿದ ಸೊಸೆ ಬಂದಿದ್ದಕ್ಕೆ ಒಂದು ದಾರಿ ತೋರಿಸ್ದೆ ಕಣಮ್ಮ." ನನಗೆ ಅಳು ಬಂದುಬಿಟ್ಟಿತು.

ದಾರವೂ ಬೇಡ ಅನ್ನಬೇಕಿತ್ತು. ಹದಿನಾರರ ಹುಡುಗಿಯನ್ನು ಮಾತಿನಲ್ಲಿ ಕಟ್ಟುವುದೂ ಕಟ್ಟುವುದೇ. ಅಷ್ಟು ಕೇಳುವ ಧೈರ್ಯ ಬರಲಿಲ್ಲ. ದಿವ್ಯಳನ್ನು ಕೇಳಿದೆ. "ಕೈಗೆ ದಾರ ತಾನೆ ಅತ್ತಿಗೆ? ಸ್ನಾನ ಮಾಡುವಾಗ ನೆಂದು ನೆಂದು ಉದುರ್ಹೋಗುತ್ತೆ ಬಿಡಿ. ಎರಡು ವರ್ಷದಲ್ಲಿ ಮಾವಂಗೆ ತಲೆ ಬೋಳಾಗಿ ಅವರೇ ನಾಚ್ಕೊಂಡು ಬೇಡ ಅಂತಾರೆ" ಅಂದಳು. ಅವಳ ನಗು ಕೇಳಿ ಎಷ್ಟು ದಿನವಾಗಿತ್ತು.

ರಾತ್ರಿ ಗೇಟಿನ ಬೀಗದ ಸದ್ದು ಮಾತ್ರ ನಿಂತಿಲ್ಲ. ರೂಢಿಯಿರಬೇಕು. ನಿನ್ನೆ ನಾನು ಮೂರು ಗಂಟೆಯ ಹೊತ್ತು ಒಂದೇ ಸಮನೆ ಮಲಗಿದ್ದೆ.

ಪ್ರೀತಿಯಿಂದ,
ಯಮುನಾ

—

ಹಲಸೂರು
5 ಅಕ್ಟೋಬರ್ 2025

ಯಮುನಾ, ಬಂಗಾರಿ,

ಮೊದಲು ತಪ್ಪೊಪ್ಪಿಗೆ. ನಿನ್ನ ಕಾಗದವನ್ನು ನಮ್ಮ ಮೇಡಂಗೆ ಓದಿ ಹೇಳಿದೆ, ಹೆಸರು ಊರು ಬಿಟ್ಟು. ಅವರು ಎದ್ದು ನಿಂತುಬಿಟ್ಟರು. ವರದಿಯಲ್ಲಿ ಎಲ್ಲ ಬರೀ ಅಳುವ ಪುಟಗಳೇ, ಒಂದಾದರೂ ಬೆಳಕಿನ ಪುಟ ಬೇಕು ಅಂತ ಅವರು ತಿಂಗಳಿಂದ ಒದ್ದಾಡುತ್ತಿದ್ದರು. ಈಗ ನಲವತ್ತೆರಡನೇ ಪುಟದಲ್ಲಿ ಚೌಕಟ್ಟು ಹಾಕಿ ನಿನ್ನ ಕಥೆ ಬಂದಿದೆ. "ಒಳಗಿನಿಂದಲೇ ಬಂದ ಬದಲಾವಣೆ: ಒಂದು ಉತ್ತಮ ಮಾದರಿ." ಚಿನ್ನದ ತಂತಿ, ಅರಿಶಿನದ ದಾರ, ಕಾಲೇಜಿಗೆ ಮರಳಿದ ಹುಡುಗಿ. ಜಿನೀವಾದಲ್ಲಿ ಅದನ್ನು ಓದುವವಳು ನಾನೇ. ನವೆಂಬರ್ ಹನ್ನೊಂದಕ್ಕೆ ವಿಮಾನ. ಅಮ್ಮ ಈಗಲೇ ಚಟ್ನಿಪುಡಿ ಕುಟ್ಟಲು ಶುರು ಮಾಡಿದ್ದಾಳೆ.

ಒಂಬತ್ತನೇ ತಾರೀಖು ಭಾನುವಾರ ಪಾಪುವಿನ ಕಿವಿ ಚುಚ್ಚುವುದಕ್ಕೆ ಖಂಡಿತ ಬರುತ್ತೇನೆ. ಕಾರ್ಡು ಅಯ್ಯಮ್ಮ ಕೊಟ್ಟಳು. ಹತ್ತೂವರೆಗೆ ತಾನೆ? ನಿನ್ನ ಬೆರಳಿನ ತಂತಿಯನ್ನು ಕಣ್ಣಾರೆ ನೋಡಬೇಕು.

ನಿನ್ನ ನಂದಿತಾ

—

ಕೃಷ್ಣರಾಜಪುರ
26 ಅಕ್ಟೋಬರ್ 2025

ನಂದಿತಾ,

ಆ ಪುಟ ಪ್ರಿಂಟಿಗೆ ಹೋಗಿದೆಯಾ? ಹೋಗಿರದಿದ್ದರೆ ಸ್ವಲ್ಪ ತಡೆ. ಕಾರಣ ಅಂತ ಹೇಳಲು ದೊಡ್ಡದೇನೂ ಇಲ್ಲ.

ನಿನ್ನೆ ಶಿವಾಜಿನಗರದಿಂದ ಟೈಲರ್ ಫಹ್ಮಿದಾ ಬ್ಲೌಸುಗಳನ್ನು ತಂದಿದ್ದರು. ಕಿವಿ ಚುಚ್ಚುವುದಕ್ಕೆ ಅಂತ ನನಗೊಂದು ಸಾದಾ. ದಿವ್ಯಳದಕ್ಕೆ ಕೈತುಂಬ ಜರಿ, ಬೆನ್ನಿಗೆ ಮುತ್ತು. ಫಹ್ಮಿದಾ ಅದನ್ನು ಬಿಚ್ಚಿ ತೋರಿಸಿ "ಮಾಶಾ ಅಲ್ಲಾ, ದುಲ್ಹನ್ ಥರ, ಮದುಮಗಳ ಥರ ಕಾಣ್ತಾಳೆ ನೋಡಿ" ಅಂದರು. ಅತ್ತೆ ಫಟ್ಟನೆ "ಕಿವಿ ಚುಚ್ಚೋ ಫಂಕ್ಷನ್‌ಗೆ ಕಣಮ್ಮ" ಅಂದು ಬ್ಲೌಸನ್ನು ಬೀರುವಿನೊಳಗೆ ಇಟ್ಟರು. ಫಹ್ಮಿದಾ ಫೋನು ಒಂದು ನಿಮಿಷ ಕೇಳೋಣ ಅನ್ನಿಸಿತು. ಅತ್ತೆ ಪಕ್ಕದಲ್ಲೇ ಕೂತಿದ್ದರು, ಪಾಪುವಿಗೆ ಬಿಕ್ಕಳಿಕೆ ನಿಲ್ಲಿಸುತ್ತಾ.

ರಾತ್ರಿ ಕೆಂಪರಾಜ್ ಅವರನ್ನು ಕೇಳಿದೆ. "ದಾರ ಕೈಗೆ ತಾನೆ ಕಟ್ಟೋದು?"

"ಅಮ್ಮ ನೋಡ್ಕೊಳ್ತಾರೆ."

"ನೀವು ಅಣ್ಣ. ನಿಮಗೆ ಗೊತ್ತಿರಬೇಕಲ್ಲ?"

"ನಂಗೆ ಬೆಳಿಗ್ಗೆ ಆರಕ್ಕೆ ಶಿಫ್ಟ್ ಇದೆ ಯಮುನಾ." ಲೈಟು ಆರಿಸಿದರು. ಕತ್ತಲಲ್ಲಿ ಅವರೂ ಎದ್ದೇ ಇದ್ದರು, ಉಸಿರಿನಲ್ಲಿ ಗೊತ್ತಾಗುತ್ತದೆ.

ನಿದ್ದೆಗೆಟ್ಟರೆ ಸಣ್ಣದೂ ದೊಡ್ಡದಾಗಿ ಕಾಣುತ್ತೆ ಅಂದಿದ್ದೆಯಲ್ಲ. ಹಾಗೇ ಇರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ. ಒಂದು ಸಾಲಾದರೂ ಬರೆ.

ಯ.

—

ಕೃಷ್ಣರಾಜಪುರ
8 ನವೆಂಬರ್ 2025, ಶನಿವಾರ ರಾತ್ರಿ

ನಂದಿತಾ,

ಹನ್ನೊಂದೂ ನಲವತ್ತು. ಈ ಸಲ ಎಬ್ಬಿಸಿದ್ದು ಬೀಗ ಜಗ್ಗುವ ಸದ್ದಲ್ಲ, ಬೀಗ ತೆಗೆಯುವ ಸದ್ದು. ಮೂರು ತಿಂಗಳಲ್ಲಿ ಮೊದಲ ಸಲ ಈ ಹೊತ್ತಿನಲ್ಲಿ ಗೇಟು ತೆರೆಯಿತು. ಮೊಹ್ಸಿನ್ ಆಟೋದಲ್ಲಿ ರಸೆಲ್ ಮಾರ್ಕೆಟ್ಟಿನಿಂದ ಹೂ ಬಂದಿದೆ. ಕಿಟಕಿಯಿಂದ ನೋಡಿದೆ. ಮೇಲೆ ಮಲ್ಲಿಗೆಯ ಬುಟ್ಟಿ, ಅದರ ಕೆಳಗೆ ಎರಡು ದೊಡ್ಡ ಹಾರ. ಕಿವಿ ಚುಚ್ಚುವುದಕ್ಕೆ ಜೋಡಿ ಹಾರ ಯಾಕೆ?

ಪಾಪುವನ್ನು ಎತ್ತಿಕೊಂಡು ಎದ್ದು ಹೋದೆ. ನಡುಮನೆಯಲ್ಲಿ ಅತ್ತೆ ದಾರಕ್ಕೆ ಅರಿಶಿನ ಹಚ್ಚುತ್ತಿದ್ದರು. ಕೈಗೆ ಕಟ್ಟುವಷ್ಟು ಉದ್ದದ್ದಲ್ಲ. ನಡುವೆ ಅರಿಶಿನದ ಕೊಂಬು ಪೋಣಿಸಿದ್ದರು.

"ಕೈಗೆ ಅಂದಿದ್ದೆ ಅತ್ತೆ."

"ಕೈಗೆ ಕಟ್ಟೋಕೆ ಅವಳೇನು ಮೂಳೆ ಮುರ್ಕೊಂಡಿದ್ದಾಳಾ?" ಅಂದರು. ಕೋಪ ಇರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಮಗುವಿಗೆ ಹೇಳುವ ಹಾಗೆ ಹೇಳಿದರು. "ನೀನೇ ತೋರ್ಸಿದ್ ದಾರಿ ಕಣಮ್ಮ. ತಂತಿ ಕಿತ್ರೆ ದೇವರು ಬೆರಳು ಅಂತ್ಲೇ ಎಣಿಸ್ಕೊಳ್ತಾನೆ. ದಾರ ಕಟ್ಟಿದ್ರೆ ತಾಳಿ ಅಂತ್ಲೇ ಎಣಿಸ್ಕೊಳ್ತಾನೆ. ಚಿನ್ನದ್ದು, ಛತ್ರ, ಕಾರ್ಡು, ಅವೆಲ್ಲ ಸರ್ಕಾರಕ್ಕೆ. ಅದನ್ನ ಹದಿನೆಂಟಕ್ಕೇ ಮಾಡಣ."

ಅವರ ಮಾತಿನಲ್ಲಿ ಮೋಸವಿಲ್ಲ ನಂದಿತಾ. ಅದನ್ನೇ ನಾನು ನೋಡಲಿಲ್ಲ. ತಂತಿ ಸುಳ್ಳು ಬೆರಳು ಅಂತ ಅವರು ಒಂದು ದಿನವೂ ಅಂದುಕೊಂಡಿರಲಿಲ್ಲ. ಅವರ ಪಾಲಿಗೆ ಅವರು ನಿಜವಾಗಿ ಬೆರಳು ಕೊಟ್ಟವರೇ. ಬದಲಿ ಅನ್ನುವ ಮಾತು ನನಗೆ ಮಾತ್ರ ಬದಲಿಯಾಗಿತ್ತು.

"ಕಟ್ಟಿದ ಮೇಲೆ ಅವಳು ಇಲ್ಲೇ ಇರುತ್ತಾಳೆ ತಾನೆ?" ಅಂದೆ.

"ಗಂಡನ್ನ ಬಿಟ್ಟು ತೌರಲ್ಲಿ ಕೂರ್ಸಕ್ಕಾಗುತ್ತಾ? ಗುಡಿಯಿಂದ ನೇರ ಹೂಡಿಗೆ. ಬಿಳಿ ಕಾರು ಹೇಳಿದ್ದೀವಿ."

ನಾನು ದನಿ ಎತ್ತಿದೆ. ಕೆಂಪರಾಜ್ ಎದ್ದು ಬಂದರು. ಅತ್ತೆ ಅವರಿಗೆ ಕಣ್ಸನ್ನೆ ಮಾಡಿ ನನ್ನ ಮಡಿಲಿನಿಂದ ಪಾಪುವನ್ನು ಎತ್ತಿಕೊಂಡರು, ಮೆಲ್ಲಗೆ, ಬಿಸಿ ಪಾತ್ರೆಯನ್ನು ಒಲೆಯಿಂದ ಇಳಿಸುವ ಹಾಗೆ. "ಅವಳಿಗೆ ಒಂಚೂರು ಹುಷಾರಿಲ್ಲ. ಬೆಳಿಗ್ಗೆವರ್ಗೂ ಮಗು ನನ್ ಹತ್ರ ಇರ್ಲಿ." ನಾನು ಈಗ ರೂಮಿನಲ್ಲಿದ್ದೇನೆ. ಹೊರಗಿನಿಂದ ಚಿಲಕ ಹಾಕಿದ್ದಾರೆ. ಎದೆಯಿಂದ ಹಾಲು ಸೋರಿ ರವಿಕೆ ತೊಯ್ದಿದೆ.

ಇದಕ್ಕೂ ಮುಂಚೆ, ಸಾಯಂಕಾಲ, ಅಯ್ಯಮ್ಮ ಎಣ್ಣೆ ನೀರು ಹಾಕಿ ಕಳಿಸಿದ ಮೇಲೆ, ದಿವ್ಯ ಒದ್ದೆ ಕೂದಲಲ್ಲಿ ಬಂದು ನನ್ನ ಮಂಚದ ಮೇಲೆ ಕೂತಿದ್ದಳು. "ಅತ್ತಿಗೆ, ಶಾಸ್ತ್ರ ಅಷ್ಟೇ ಅಲ್ವಾ? ಸೋಮವಾರ ಫಿಸಿಕ್ಸ್ ಟೆಸ್ಟಿದೆ, ಇನ್ನೂ ಎರಡು ಚಾಪ್ಟರ್ ಬಾಕಿ." ನಾನು ಹೂಂ ಅಂದೆ. ಶಾಸ್ತ್ರ ಅಷ್ಟೇ ಅಂದೆ. ಓದ್ಕೋ ಹೋಗು ಅಂದೆ. ಅವಳು ನನ್ನನ್ನು ನಂಬಿಕೊಂಡು ಪಕ್ಕದ ರೂಮಿನಲ್ಲಿ ಪುಸ್ತಕ ತೆರೆದುಕೊಂಡೇ ನಿದ್ದೆ ಹೋಗಿದ್ದಾಳೆ.

ನೀನು ಮಾಡಬೇಕಾದದ್ದು ಹೇಳುತ್ತೇನೆ, ಗಮನವಿಟ್ಟು ಓದು. ಮನೆಯ ಎದುರಿನ ಮುನೇಶ್ವರನ ಗುಡಿ. ನಾಲ್ಕೂ ಮುಕ್ಕಾಲಿಗೆ ಕಟ್ಟುವುದು. ಐದಕ್ಕೆ ಕಾರು. ಹತ್ತೂವರೆಗೆ ನೀನು ಉಡುಗೊರೆ ಹಿಡಿದು ಬರುವ ಹೊತ್ತಿಗೆ ಇಲ್ಲಿ ಕಿವಿ ಚುಚ್ಚಿಸಿಕೊಂಡ ಒಂದು ಮಗು, ತಂತಿ ಸುತ್ತಿದ ನನ್ನ ಬೆರಳು, ಹೋಳಿಗೆ ಊಟ, ಇಷ್ಟೇ ಇರುತ್ತದೆ. ದಿವ್ಯ ಎಲ್ಲಿ ಅಂದರೆ ಹುಷಾರಿಲ್ಲ, ಮಲಗಿದ್ದಾಳೆ ಅನ್ನುತ್ತಾರೆ. ಈ ಮನೆಯಲ್ಲಿ ಹೆಂಗಸರಿಗೆ ಹುಷಾರು ತಪ್ಪುವುದು ಎಷ್ಟು ಸುಲಭ.

ಅಯ್ಯಮ್ಮ ಇನ್ನೂ ಕೆಳಗೆ ಪಾತ್ರೆ ತೊಳೆಯುತ್ತಿದ್ದಾಳೆ. ಈ ಹೊತ್ತಿನಲ್ಲಿ ಮೆಟ್ರೋ ಇಲ್ಲ, ವಾಪಸು ಹೋಗುವ ಮೊಹ್ಸಿನ್ ಆಟೋದಲ್ಲೇ ಹಲಸೂರಿಗೆ ಹೋಗುತ್ತಾಳೆ. ಈಗಷ್ಟೇ ಕಿಟಕಿಯ ಕೆಳಗೆ ನೀರು ಚೆಲ್ಲಲು ಬಂದವಳನ್ನು ಪಿಸುದನಿಯಲ್ಲಿ ಕರೆದು, ಒಂದು ಚೀಟಿ ಕೊಡುತ್ತೇನೆ, ಎಷ್ಟು ಹೊತ್ತಾದರೂ ನಂದಿತಾ ಬಾಗಿಲು ಬಡಿ ಅಂದೆ. ಮೂವತ್ತು ವರ್ಷ ಈ ಮನೆಯ ಅನ್ನ ತಿಂದವಳು. ನನ್ನ ಮುಖವನ್ನೇ ನೋಡಿದಳು.

"ಪಾಪು ಔಷಧಿ ಚೀಟಿ ತಾನೆ ಇದು?"

"ಹೂಂ ಅಯ್ಯಮ್ಮ."

"ಹಂಗಾದ್ರೆ ಬಿರ್‍ರನೆ ಬರ್ದು ಹಾಕು. ತಡ ಮಾಡಂಗಿಲ್ಲ."

ನಲವತ್ತೆರಡನೇ ಪುಟದ ವಿಷಯ ಆಮೇಲೆ ಮಾತಾಡೋಣ. ಹರಿಯುವುದಾದರೆ ಹರಿ, ಇಲ್ಲವಾದರೆ ಇದನ್ನೇ ಅಲ್ಲಿ ಓದು, ನನಗೆ ಎರಡೂ ಒಂದೇ. ಮೊದಲು 1098. ಅವರು ತಡ ಮಾಡಿದರೆ ಪೊಲೀಸ್ ಸ್ಟೇಷನ್ನು. ಕಿವಿ ಚುಚ್ಚುವ ಶಾಸ್ತ್ರ ಅಂದರೆ ಅವರು ನಂಬಿ ವಾಪಸು ಹೋಗಬಾರದು. ಹುಡುಗಿಯ ವಯಸ್ಸು ಹದಿನಾರು ಅನ್ನು, ಗಂಡಿನ ವಯಸ್ಸು ಹೇಳು, ಗುಡಿ ಹೇಳು, ಬಿಳಿ ಕಾರು ಹೇಳು. ಯಾರು ತಿಳಿಸಿದ್ದು ಅಂತ ಕೇಳಿದರೆ ಗುಟ್ಟು ಅನ್ನಬೇಡ. ಹುಡುಗಿಯ ಅತ್ತಿಗೆ ಅನ್ನು. ಅವಳಿಗೆ ಸನ್ನಿಯಂತೆ ಅಂತ ಈ ಮನೆಯವರು ಹೇಳುತ್ತಾರೆ, ಅದಕ್ಕೇ ನನ್ನ ಪೂರ್ತಿ ಹೆಸರು ಕೆಳಗೆ ಬರೆದಿದ್ದೇನೆ, ಕೈ ನಡುಗದೆ ಬರೆದಿದ್ದೇನೆ, ಅವರಿಗೆ ತೋರಿಸು. ಮಗು ಇನ್ನೊಂದು ರೂಮಿನಲ್ಲಿ ಅಳುತ್ತಿದೆ.

ಮೊಹ್ಸಿನ್ ಆಟೋ ಸ್ಟಾರ್ಟ್ ಮಾಡಿದ. ನಂದಿತಾ, ಕಾಗದ ಕೆಳಗಿಡಬೇಡ, ಮುಖ ತೊಳೆಯಲು ಹೋಗಬೇಡ, ಮೇಡಂನ ಕೇಳಬೇಕು ಅನ್ನಬೇಡ. ನಿಂತ ಕಾಲಲ್ಲಿ ಫೋನ್ ಮಾಡು. ನಾಲ್ಕೂ ಮುಕ್ಕಾಲಿಗೆ ಮುಂಚೆ. ಬೆಳಗಾಗುವ ಮುಂಚೆ ಫೋನ್ ಮಾಡು.

ಯಮುನಾ ಕೆಂಪರಾಜ್
ಮುನಿಆಂಜನಪ್ಪನವರ ಸೊಸೆ, ದಿವ್ಯಳ ಅತ್ತಿಗೆ
ಮುನೇಶ್ವರನ ಗುಡಿ ಮುಂದಿನ ಹಸಿರು ಗ್ರಿಲ್ಲಿನ ಮನೆ, ಒಂದನೇ ಮಹಡಿ
ಕೃಷ್ಣರಾಜಪುರ